ಪಿಲಾರಮ್ಮನ ಬಟ್ಟಲು ಮತ್ತು ಸ್ಪೇನಿನ ಒಂದು ಕ್ರಿಯಾಪದ

ಹುಣಸೆಹಣ್ಣಿನ ಬೀಜ ತೆಗೆಯುವುದರಲ್ಲಿ ಹೆಂಗಸರಿಗೆ ಮಾತ್ರ ಗೊತ್ತಿರುವ ಒಂದು ಸುಖವಿದೆ. ಅಂಗೈಗೆ ಹರಳೆಣ್ಣೆ ಹಚ್ಚಿಕೊಂಡು ಕುಳಿತುಬಿಟ್ಟರೆ ಆ ಕೈಗೆ ಯಾರೂ ಬೇರೆ ಕೆಲಸ ಹೇಳುವಂತಿಲ್ಲ. ಆ ವೈಶಾಖದ ದಿನ ನಾನು ಹೊಸಪೇಟೆಯ ನಮ್ಮ ಮನೆಯ ಹಿಂದಿನ ಅಂಗಳದಲ್ಲಿ ಹಾಗೆ ಕುಳಿತಿದ್ದೆ. ಎಡಕ್ಕೆ ಹಣ್ಣು, ಬಲಕ್ಕೆ ಬೀಜದ ಗುಡ್ಡೆ, ಎದುರಿಗೆ ಬತ್ತಿ ಹೊಸೆಯುತ್ತ ನಮ್ಮ ಅತ್ತೆ. ನನ್ನ ಬಾಯಲ್ಲಿ ಪ್ರಾಣದೇವರ, ಅಂದರೆ ಹನುಮಂತನ, ನಾಮ. ಮನಸ್ಸಿನಲ್ಲಿ ಏನೂ ಇರಲಿಲ್ಲ. ದೇವರು ಕೊಡುವ ದೊಡ್ಡ ವರಗಳಲ್ಲಿ ಅದೂ ಒಂದು.

ಆಗ ನಮ್ಮ ಮನೆಯವರು ಹತ್ತು ಗಂಟೆಗೆ ಆಫೀಸಿನಿಂದ ವಾಪಸು ಬಂದರು. ಸಂಡೂರು ಗುಡ್ಡದ ಅದಿರನ್ನು ರೈಲಿಗೆ ತುಂಬಿಸುವ ಕಂಪನಿಯಲ್ಲಿ ಅವರು ಗುಮಾಸ್ತರು. ಬೆಳಗಿನ ಹತ್ತಕ್ಕೆ ಮನೆಗೆ ಬರುವ ಗುಮಾಸ್ತನಿಗೆ ಒಂದೋ ಜ್ವರ ಬಂದಿರಬೇಕು, ಇಲ್ಲ ಕೆಲಸ ಹೋಗಿರಬೇಕು. ನಾನು ಜ್ವರವೇ ಇರಲಿ ಎಂದು ಬೇಡಿಕೊಂಡೆ.

"ಕೇಳಿಲ್ಲೆ. ದೊರೆ ಇವತ್ತ ಹೊಂಟ್ರು. ದೊರೆಸಾನೀನೂ. ಎರಡು ಗಂಟೆ ಗಾಡಿಗೆ. ಗೋವಾಕ್ಕ ಹೋಗಿ ಅಲ್ಲಿಂದ ಹಡಗ ಹತ್ತತಾರಂತ."

"ಮತ್ತ ಯಾವಾಗ ಬರ್ತಾರ್ರಿ?"

"ಯಾಕ ಬರ್ತಾರ? ಅವರ ದೇಶಕ್ಕ ಹೊಂಟ್ರು ಅಂದೆ."

ನನ್ನ ಕೈಯೊಳಗಿನ ಹಣ್ಣು ಹಾಗೇ ಉಳಿಯಿತು. ಆ ದೊರೆಸಾನಿಯ ಒಂದು ಬಟ್ಟಲನ್ನು ಎಂಟು ತಿಂಗಳ ಹಿಂದೆ ನಾನು ಬರಿದಾಗಿ ಕಳಿಸಿದ್ದೆ. ಅದಕ್ಕೆ ಪ್ರತಿಯಾಗಿ ಒಂದು ಪಾತ್ರೆ ತುಂಬ ಏನಾದರೂ ಕೊಡುವುದು ಬಾಕಿ ಇತ್ತು. ಎರಡು ಗಂಟೆಯೊಳಗೆ ಕೊಡಬೇಕು, ತಪ್ಪಿದರೆ ಸಮುದ್ರ ದಾಟಿ ಹೋಗಿ ಕೊಡಬೇಕು. ಅಲ್ಲಿಯವರೆಗೆ ನಾನು ದಾಟಿದ ಅತಿ ದೊಡ್ಡ ನೀರೆಂದರೆ ಹಂಪಿಯ ಹೊಳೆ. ಅದೂ ಹರಿಗೋಲಿನಲ್ಲಿ, ಕಣ್ಣು ಮುಚ್ಚಿಕೊಂಡು.

ಈ ಬಾಕಿ ಹುಟ್ಟಿದ್ದು ಹೇಗೆಂದು ಹೇಳದಿದ್ದರೆ ನನ್ನ ಮೂರ್ಖತನದ ಪೂರ್ಣ ಪರಿಚಯವಾಗುವುದಿಲ್ಲ.

ಸ್ಪೇನ್ ದೇಶದ ಈ ಇಂಜಿನಿಯರ್ ದೊರೆ ಸ್ಟೇಷನ್ ರಸ್ತೆಯ ಬಂಗಲೆಗೆ ಬಂದಾಗ ಆಫೀಸಿನ ಹೆಡ್ ಗುಮಾಸ್ತರಿಗೆ ನಿವೃತ್ತಿ ಹತ್ತಿರವಾಗಿತ್ತು. ದೊರೆಯ ಭಾಷೆಯಲ್ಲೇ ದೊರೆಯನ್ನು ಮಾತಾಡಿಸಿದರೆ ಆ ಕುರ್ಚಿ ತಮಗೇ ಎಂದು ನಮ್ಮ ಮನೆಯವರು ನಿಶ್ಚಯಿಸಿದರು. ಮದರಾಸಿನ ಹಳೇ ಪುಸ್ತಕದ ಅಂಗಡಿಯಿಂದ ಸ್ಪೇನ್ ಭಾಷೆ ಕಲಿಸುವ ಪುಸ್ತಕ ಬಂತು. ಮುಂದಿನ ಪುಟಗಳನ್ನೂ ಹಿಂದಿನ ಪುಟಗಳನ್ನೂ ಗೆದ್ದಲು ಓದಿ ಮುಗಿಸಿತ್ತು. ನಡುವೆ ಪೂರ್ತಿಯಾಗಿ ಉಳಿದದ್ದು ಒಂದೇ ಕ್ರಿಯಾಪದ, ದೆಬೇರ್. ಇವರು ಬಚ್ಚಲಲ್ಲಿ, ಹಿತ್ತಲಲ್ಲಿ, ಊಟದ ಎಲೆಯ ಮುಂದೆ "ದೆಬೊ, ದೆಬೀ, ದೆಬೀಆ, ದೆಬಿಯೋ" ಎಂದು ಆವರ್ತನೆ ಮಾಡಿದರು. ಗಾಯತ್ರಿಯನ್ನು ಅಷ್ಟು ಜಪಿಸಿದ್ದರೆ ಹೆಡ್ ಗುಮಾಸ್ತಗಿರಿ ಏನು, ದಿವಾನಗಿರಿಯೇ ಬರುತ್ತಿತ್ತು. ಒಳಕಲ್ಲಿನ ಮುಂದೆ ಕುಳಿತ ನನಗೂ ಅದು ಬಾಯಿಪಾಠವಾಯಿತು.

ಭಾಷೆಯ ಜೊತೆಗೆ ಸಿಹಿಯೂ ಇರಲಿ ಎಂದು ಆ ವರ್ಷದ ಯುಗಾದಿಗೆ ಇವರ ಕೈಯಲ್ಲಿ ಬಂಗಲೆಗೆ ಹೋಳಿಗೆ ಕಳಿಸಿದೆ. ನನ್ನ ತವರಿನ ಹಿತ್ತಾಳೆ ಡಬ್ಬಿಯಲ್ಲಿ. ಮರುದಿನ ಡಬ್ಬಿ ಫಳಫಳ ಬೆಳಗಿಸಿಕೊಂಡು ವಾಪಸು ಬಂತು. ತಂದವಳು ದೊರೆಸಾನಿಯೇ. ಅತ್ತೆ ಮುಚ್ಚಳ ತೆಗೆದು ನೋಡಿ, ಅವಳ ಎದುರಿಗೇ, "ಬರೇ ಡಬ್ಬಿ ಕೊಟ್ಲಲ್ಲ ಈಕಿ" ಎಂದರು. ಪರದೇಶದವಳಿಗೆ ಏನು ತಿಳಿದೀತು ಎಂಬ ಧೈರ್ಯ.

"ಬರೇ ಡಬ್ಬಿ ಕೊಟ್ರ ಏನಾಗತೈತ್ರಿ?" ಎಂದಳು ದೊರೆಸಾನಿ.

ಕನ್ನಡದಲ್ಲಿ! ಅದೂ ನಮ್ಮ ಹೊಸಪೇಟೆ ಸಂತೆಯ ಕನ್ನಡದಲ್ಲಿ! ಬಂಗಲೆಯ ಕೆಲಸದ ಹುಲಿಗೆವ್ವನಿಂದ ಕೆಲವೇ ತಿಂಗಳಲ್ಲಿ ಕಲಿತಿದ್ದಳಂತೆ. ಹೆಸರು ಪಿಲಾರ್. ಹುಲಿಗೆವ್ವ ಅದಕ್ಕೊಂದು ಅಮ್ಮ ಸೇರಿಸಿದ್ದಳು. ನಮ್ಮ ಮನೆಯವರ ಒಂದು ಕ್ರಿಯಾಪದ ಆ ಹೊತ್ತು ಒಳಗೆ ಪುಸ್ತಕದ ಮುಂದೆ ಒದ್ದಾಡುತ್ತಿತ್ತು.

ಅತ್ತೆ ಒಳಗೆ ಸರಿದುಬಿಟ್ಟರು. ವಿವರಿಸುವ ಭಾರ ನನ್ನ ಮೇಲೆ ಬಿತ್ತು. ನಾನು ಸುಮ್ಮನಿರುವ ಹೆಂಗಸಲ್ಲ. "ತುಂಬಿ ಬಂದ ಪಾತ್ರಿ ತುಂಬೇ ಹೋಗಬೇಕ್ರಿ. ಏನಿಲ್ಲಾಂದ್ರ ಒಂದು ಚಿಟಿಕಿ ಸಕ್ರಿ ಹಾಕಿ, ಎರಡೂ ಕೈಲೆ ಕೊಡಬೇಕು. ಬರೇ ಪಾತ್ರಿ ಕೊಟ್ರ ಇನ್ನ ನಿಮಗೂ ನಮಗೂ ಹೋಗಿಬರೋದು ಸಾಕು ಅಂದಂಗ."

ಪಿಲಾರಮ್ಮನ ಮುಖ ಬಿಳಿಚಿತು, ಇದ್ದದ್ದೇ ಬಿಳಿ. ಡಬ್ಬಿ ಕಸಿದುಕೊಂಡು ಬಿಸಿಲಲ್ಲಿ ಹೋಗಿ ಅರ್ಧ ಗಂಟೆಗೆ ವಾಪಸು ಬಂದಳು. ಡಬ್ಬಿಯ ತುಂಬ ಸಕ್ಕರೆ. ಎರಡೂ ಕೈಯಿಂದ ಕೊಟ್ಟು, "ಸಾಕು ಅಂತ ಅಲ್ರಿ, ನನಗ ಗೊತ್ತಿದ್ದಿಲ್ಲ" ಎಂದಳು.

ಅಂದಿನಿಂದ ಆ ಡಬ್ಬಿಗೆ ರಜೆ ಇರಲಿಲ್ಲ. ಕಮಲಾಪುರದ ಬಾಳೆಹಣ್ಣು ಹೋಯಿತು, ದ್ರಾಕ್ಷಿ ಬಂತು. ಕಂಪ್ಲಿಯ ಬೆಲ್ಲ ಹೋಯಿತು, ಬಾದಾಮಿ ಬಂತು. ಬಾದಾಮಿಗೆ ಸಮನಾಗಿ ಏನು ಕಳಿಸುವುದೆಂದು ನನಗೆ ಎರಡು ದಿನ ನಿದ್ದೆ ಬರಲಿಲ್ಲ. ಸಂಜೆ ಅವಳು ನಮ್ಮ ಜಗಲಿಯ ಮೇಲೆ ಕುಳಿತು ನನ್ನ ಮಗಳು ಕಮಲಿಗೆ ಜಡೆ ಹೆಣೆಯುತ್ತಿದ್ದಳು. ಒಳಗೆ ಕರೆಯುವಂತಿಲ್ಲ. ಅವಳು ಬರುವ ಆಸೆಯನ್ನೂ ತೋರಿಸಲಿಲ್ಲ. ತಾನಿರಬೇಕಾದ ಜಾಗ ಯಾವುದೆಂದು ತಿಳಿದ ಹೆಂಗಸು ಅವಳು.

ಒಂದು ದಿನ ಕೇಳಿದೆ, "ನಮ್ಮವರು ಹಗಲೂ ರಾತ್ರಿ ಜಪ ಮಾಡೋ ಆ ದೆಬೇರ್ ಅಂದ್ರ ಏನ್ರಿ?"

ಅವಳು ನಕ್ಕಳು. "ಸಾಲ ಇತ್ತು ಅನ್ನಾಕ ಅದ. ಮಾಡಬೇಕಿತ್ತು, ಮಾಡ್ಲಿಲ್ಲ ಅನ್ನಾಕೂ ಅದ. ಹಿಂಗ ಆಗಿರಬೇಕು ಅಂತ ಅಂದಾಜು ಹೇಳಾಕೂ ಅದ."

"ಮೂರಕ್ಕೂ ಒಂದೇ ಏನು? ಬಡವರ ಮನೀ ತಪ್ಪಲಿ ಇದ್ದಂಗ ಆತು. ಅದರಾಗ ಅನ್ನ, ಅದರಾಗ ಸಾರು, ಅದರಾಗ ನೀರು."

"ನಿಮ್ಮ 'ಬೇಕು' ಏನು ಕಡಿಮಿ ಐತೇನ್ರಿ? ಬರಬೇಕಿತ್ತು ಅಂತೀರಿ, ಬಂದಿರಬೇಕು ಅಂತೀರಿ. ಅದೂ ದುಡಿಯೋ ತಪ್ಪಲೀನ."

ಹುಟ್ಟಿದಂದಿನಿಂದ ಆಡಿದ ಭಾಷೆಯಲ್ಲಿ ನಾನು ಇದನ್ನು ಗಮನಿಸಿರಲಿಲ್ಲ. ಆದರೆ ಸಾಲದ ಕೆಲಸಕ್ಕೆ ನಮ್ಮ 'ಬೇಕು' ಬರುವುದಿಲ್ಲವೆಂದು ವಾದಿಸಿ ಗೆದ್ದೆ. ಹೆಮ್ಮೆಯೂ ಪಟ್ಟೆ.

ಭಾದ್ರಪದದಲ್ಲಿ ಕಮಲಿಗೆ ಚಳಿಜ್ವರ ಬಂತು. ನಾಲ್ಕನೆಯ ದಿನ ಮಗು ನನ್ನ ಗುರುತು ಹಿಡಿಯಲಿಲ್ಲ. ಪಿಲಾರಮ್ಮ ಯಾರನ್ನೂ ಕೇಳದೆ ಚಪ್ಪಲಿ ಹೊರಗೆ ಬಿಟ್ಟು ನೇರ ಪಡಸಾಲೆಗೆ ಬಂದಳು, ಕ್ವಿನೈನು ಕುಡಿಸಿದಳು, ಒದ್ದೆ ಬಟ್ಟೆ ಹಾಕುತ್ತ ಮೂರು ಮಧ್ಯಾಹ್ನ ಕುಳಿತಳು. ಅವಳು ಎದ್ದುಹೋದ ಕೂಡಲೇ ಅತ್ತೆ ಪಡಸಾಲೆಗೆಲ್ಲ ಗೋಮೂತ್ರ ಚಿಮುಕಿಸುತ್ತಿದ್ದರು. ನಮ್ಮ ಹಸು ಅಷ್ಟನ್ನು ಒದಗಿಸಲಾರದೆ ಪಕ್ಕದ ಮನೆಯಿಂದಲೂ ತರಿಸಿದೆವು. ಒಂದು ದಿನ ಕೊಡೆ ಮರೆತು ವಾಪಸು ಬಂದ ಪಿಲಾರಮ್ಮ ಇದನ್ನು ಕಂಡಳು. "ಏನ್ರಿ ಅದು?" ಎಂದಳು. "ಸೊಳ್ಳೀ ಔಷಧರಿ" ಎಂದೆ. ಅತ್ತೆ ನನ್ನ ಜಾಣತನವನ್ನು ಮೊದಲ ಬಾರಿಗೆ ಮೆಚ್ಚಿದರು.

ಜ್ವರ ಇಳಿಯಿತು. ಪ್ರಾಣದೇವರ ಕೃಪೆ ಎಂದು ಹಂಪಿಗೆ ಹೋಗಿ ತುಪ್ಪದ ದೀಪ ಹಚ್ಚಿ ಬಂದೆವು. ಕೃಪೆಯನ್ನು ದೇವರು ಯಾರ ಕೈಯಲ್ಲಿ ಕೊಟ್ಟು ಕಳಿಸಿದ್ದ ಎಂದು ಆಗ ಯೋಚಿಸಲಿಲ್ಲ.

ಮಗು ಎದ್ದು ಕುಳಿತ ವಾರಕ್ಕೆ ಹುಲಿಗೆವ್ವ ಒಂದು ಬಿಳಿ ಪಿಂಗಾಣಿ ಬಟ್ಟಲು ತಂದಳು. ಒಳಗೆ ಹಳದಿ ಬಣ್ಣದ, ಅಲುಗಾಡುವ, ಸಿಹಿ ವಾಸನೆಯ ಒಂದು ಪದಾರ್ಥ. "ಕಮಲವ್ವಗ ಶಕ್ತಿ ಬರ್ಲಿ ಅಂತ ಅಮ್ಮಾರ ಕೈಯಾರೆ ಮಾಡ್ಯಾರ್ರಿ. ಹಾಲು, ಸಕ್ರಿ, ತತ್ತಿ."

ತತ್ತಿ! ಕೋಳಿಯ ಮೊಟ್ಟೆ, ಏಕಾದಶಿಯ ದಿನ, ನಮ್ಮ ಹೊಸ್ತಿಲ ಮೇಲೆ!

ಪದಾರ್ಥವನ್ನು ಬೀದಿಯ ನಾಯಿಗೆ ಹಾಕಿದೆವು. ಅದು ಆಮೇಲೆ ಒಂದು ತಿಂಗಳು ನಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ಉಳಿದದ್ದು ಬಟ್ಟಲು. ಅಡಿಗೆಮನೆಯ ಯಾವುದನ್ನೂ ಅದಕ್ಕೆ ಹಾಕುವಂತಿಲ್ಲ. ಮನೆಯಲ್ಲಿ ಅಂದು ಹಣ್ಣೂ ಇರಲಿಲ್ಲ. "ಸಂಜೀ ದೀಪ ಹಚ್ಚೋದರೊಳಗ ಅದು ಹೊರಗ ಹೋಗ್ಬೇಕು" ಎಂದು ಅತ್ತೆಯ ತೀರ್ಪು. ಹುಲಿಗೆವ್ವ ಕಾದು ನಿಂತಿದ್ದಳು. ಸೆಟ್ಟರ ಅಂಗಡಿ ನಮ್ಮ ಮನೆಯಿಂದ ಮೂವತ್ತು ಹೆಜ್ಜೆ. ಒಂದು ಚಿಟಿಕೆ ಸಕ್ಕರೆ ತಂದು, ಮೇಲಿನಿಂದ ಬಟ್ಟಲಿಗೆ ಉದುರಿಸಬಹುದಿತ್ತು. ಉದುರುವ ಸಕ್ಕರೆಯನ್ನು ಹಿಡಿದು ಮೈಲಿಗೆ ಮೇಲಕ್ಕೆ ಹತ್ತುವುದಿಲ್ಲ. ಇಷ್ಟು ನನಗೆ ಆಗಲೇ ತೋಚಿತ್ತು. ಆದರೆ ಉಪವಾಸದ ಸುಸ್ತು, ಬಿಸಿಲು. ನಾಳೆ ಹಿತ್ತಾಳೆ ಡಬ್ಬಿಯಲ್ಲಿ ಚೆನ್ನಾಗಿ ತುಂಬಿ ಕಳಿಸಿದರಾಯಿತು ಎಂದುಕೊಂಡೆ. ಬಟ್ಟಲನ್ನು ಹುಲಿಗೆವ್ವನ ಕೈಯಿಂದಲೇ ತೊಳೆಸಿ, ಬರಿದಾಗಿ ಕಳಿಸಿದೆ.

ನಾಳೆ ಅತ್ತೆಗೆ ಸೊಂಟ ಹಿಡಿಯಿತು. ನಾಡಿದ್ದು ನವರಾತ್ರಿ ಬಂತು. ಆಮೇಲೆ ಕಾರ್ತಿಕ, ಆಮೇಲೆ ಧನುರ್ಮಾಸದ ಪೂಜೆ. ಪಿಲಾರಮ್ಮ ಮತ್ತೆ ಬರಲಿಲ್ಲ. ಅವಳಿಗೆ ಸೊಕ್ಕು ಬಂದಿರಬೇಕು ಎಂದು ನಾನು ಅಂದಾಜು ಮಾಡಿದೆ. ದೊರೆಗೆ ಇಷ್ಟವಿಲ್ಲದಿರಬೇಕು ಎಂದು ಇವರು ಅಂದಾಜು ಮಾಡಿದರು. ಹೆಡ್ ಗುಮಾಸ್ತಗಿರಿ ಸ್ಪೇನ್ ಭಾಷೆಯ ಗಂಧವಿಲ್ಲದ ಇನ್ನೊಬ್ಬರಿಗೆ ಹೋಯಿತು. ಲೆಕ್ಕ ಬರುತ್ತಿತ್ತಂತೆ ಅವರಿಗೆ.

ಇನ್ನು ಆ ವೈಶಾಖದ ಹತ್ತು ಗಂಟೆಗೆ ಬರುತ್ತೇನೆ.

ಯುಗಾದಿಗೆ ಶುರುವಾದ ಸ್ನೇಹ ಹೋಳಿಗೆಯಿಂದಲೇ ಸರಿಹೋಗಲಿ ಎಂದು ಕಡಲೆಬೇಳೆ ಒಲೆಗೆ ಇಟ್ಟೆ. ಅವಸರದಲ್ಲಿ, ಬೇಳೆ ಬೇಯುವ ಮೊದಲೇ ಬೆಲ್ಲ ಹಾಕಿದೆ. ಹಾಗೆ ಮಾಡಿದ ಬೇಳೆ ಆ ಜನ್ಮದಲ್ಲಿ ಬೇಯುವುದಿಲ್ಲವೆಂದು ಹತ್ತು ವರ್ಷದ ಹುಡುಗಿಗೂ ಗೊತ್ತು. ನನಗೆ ಮೂವತ್ತೆರಡು.

"ಏನ ಇದು, ಗುಂಡಿನಂಗ ಕುಣೀಲಿಕ್ಕತ್ತಾವ?" ಎಂದರು ಅತ್ತೆ, ತಪ್ಪಲೆಗೆ ಇಣುಕಿ.

ಹನ್ನೊಂದೂವರೆಗೆ ಹೋಳಿಗೆ ಬಿಟ್ಟು ರವೆ ಉಂಡೆಗೆ ಇಳಿದೆ. ಹನ್ನೆರಡೂವರೆಗೆ ಉಂಡೆಗಳೆಂದು ಕರೆಯಬಹುದಾದ ಹದಿನೈದು ವಸ್ತುಗಳು ತಯಾರಾದವು. ಈಗ ಡಬ್ಬಿ ಎಲ್ಲಿ? ಎಂಟು ತಿಂಗಳು ಖಾಲಿ ಬಿದ್ದ ಡಬ್ಬಿಯನ್ನು ಅತ್ತೆ ಬತ್ತಿಗೆ ಮಾಡಿಕೊಂಡಿದ್ದರು. ಬರುವ ಕಾರ್ತಿಕಕ್ಕೆ ಲಕ್ಷ ಬತ್ತಿಯ ಹರಕೆ, ಕಮಲಿಯ ಜ್ವರ ಇಳಿದದ್ದಕ್ಕೆ. ಓಡಿಹೋಗಿ ಅಂಗಳದಲ್ಲಿದ್ದ ಡಬ್ಬಿಯನ್ನು ಅಲ್ಲಿಯೇ ಚಾಪೆಯ ಮೇಲೆ ಬೋರಲು ಹಾಕಿದೆ.

"ಅಯ್ಯ, ಅಯ್ಯ! ಬೀಜಾ, ಬೀಜಾ!"

ಅತ್ತೆ ನೂರು ಬತ್ತಿಗೆ ಒಂದರಂತೆ ಲೆಕ್ಕಕ್ಕೆ ಹುಣಸೆಬೀಜ ಹಾಕಿಟ್ಟಿದ್ದರು, ಅದೇ ಡಬ್ಬಿಯಲ್ಲಿ. ಆ ಬೀಜಗಳು ಉರುಳಿಕೊಂಡು ಹೋಗಿ ನಾನು ಬೆಳಗಿನಿಂದ ತೆಗೆದಿದ್ದ ಬೀಜದ ಗುಡ್ಡೆಯಲ್ಲಿ ತಮ್ಮ ಬಂಧುಬಳಗವನ್ನು ಸೇರಿಕೊಂಡವು.

"ಸಾವಿರಗಟ್ಟಲೆ ಆಗಿತ್ತು" ಎಂದರು ಅತ್ತೆ, ಮೆಲ್ಲಗೆ. ಕೂಗಿದ್ದರೆ ಚೆನ್ನಾಗಿತ್ತು.

"ಬಂದು ಎಣಸ್ತೀನಿ ಅತ್ತೀ."

"ಮೊದಲ ಹೋಗು. ಗಾಡಿ ಹೋದೀತು."

ಅತ್ತೆಯೇ ಹಾಗೆ ಹೇಳಿದರೆಂದು ನನಗೆ ಜಟಕಾ ಹತ್ತಿದ ಮೇಲೆ ಹೊಳೆಯಿತು. ಬೆವರು ಒರೆಸಿಕೊಳ್ಳಲು ಕೈಯನ್ನು ಮುಖದ ಹತ್ತಿರ ತಂದಾಗ ಇನ್ನೊಂದೂ ಹೊಳೆಯಿತು. ಹರಳೆಣ್ಣೆ. ಬೆಳಿಗ್ಗೆ ಹಚ್ಚಿಕೊಂಡದ್ದನ್ನು ಬರೀ ನೀರಿನಲ್ಲಿ ತೊಳೆದು, ಅದೇ ಕೈಯಲ್ಲಿ ಹದಿನೈದು ಉಂಡೆ ಕಟ್ಟಿದ್ದೆ. ಸಮುದ್ರಯಾನಕ್ಕೆ ಹೊರಟವರಿಗೆ ಹರಳೆಣ್ಣೆಯ ಉಂಡೆ.

"ಏನಾತು?" ಎಂದರು ಇವರು. ಅವರ ಕೈಯಲ್ಲಿ ಒಂದು ಕಾಗದ. ಆ ಒಂದು ಕ್ರಿಯಾಪದಕ್ಕೆ ಯಾರದೋ ನಿಘಂಟಿನಿಂದ ಬರೆದುಕೊಂಡ ಎರಡು ಪದ ಸೇರಿಸಿ ದೊರೆಗೆ ಒಂದು ವಾಕ್ಯ ರಚಿಸಿದ್ದರು. ಒಂದೂವರೆ ವರ್ಷದ ಸಾಧನೆ.

"ಏನಿಲ್ರಿ" ಎಂದೆ. ಹೇಳಿ ಅವರ ಸಾಧನೆಯನ್ನು ಯಾಕೆ ಕೆಡಿಸಲಿ?

ಪ್ಲಾಟ್‌ಫಾರಂ ಮೇಲೆ ದೊರೆ ಪೆಟ್ಟಿಗೆ ಎಣಿಸುತ್ತಿದ್ದ. ಇವರು ಕೋಟಿನ ಗುಂಡಿ ಹಾಕಿಕೊಂಡು, ಮುಂದೆ ನಿಂತು, ವಾಕ್ಯವನ್ನು ಹೇಳಿದರು. ದೊರೆ ಕೊನೆಯವರೆಗೆ ಕೇಳಿದ. ಆಮೇಲೆ ಇಂಗ್ಲಿಷಿನಲ್ಲಿ, ನಿನ್ನೆಯ ವ್ಯಾಗನ್ ರಶೀದಿಗಳನ್ನು ಹೆಡ್ ಗುಮಾಸ್ತರಿಗೆ ಒಪ್ಪಿಸಿದಿರಾ ಎಂದು ಕೇಳಿದ. ಒಪ್ಪಿಸಿರಲಿಲ್ಲ.

ನಾನು ಕಿಟಕಿಯ ಬಳಿ ಹೋದೆ. ಪಿಲಾರಮ್ಮ ಒಳಗೆ ಕುಳಿತಿದ್ದಳು, ಸೊರಗಿದ್ದಳು. ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬವೂ ಹಣ್ಣಿನ ಬುಟ್ಟಿಯೂ ಇದ್ದವು. ಇದನ್ನು ಆಗ ನೋಡಿದೆ, ಆಮೇಲೆ ಮನಸ್ಸಿನಲ್ಲಿ ಬಹಳ ಸಲ ನೋಡಿದ್ದೇನೆ.

"ಬರ್ರಿ" ಎಂದಳು. "ಕಮಲಿ ಹೆಂಗದಾಳ?"

"ಚೊಲೋ ಅದಾಳ್ರಿ. ಜಡಿ ಈಗ ಸೊಂಟಕ್ಕ ಬಂದದ."

ಅವಳು ಗಾಳಿಯಲ್ಲೇ ಬೆರಳಾಡಿಸಿ ಜಡೆ ಹೆಣೆದಂತೆ ಮಾಡಿದಳು. ನಾನು ಡಬ್ಬಿ ಎತ್ತಿಕೊಟ್ಟು ಬಡಬಡಿಸತೊಡಗಿದೆ. "ಅವತ್ತ ಏಕಾದಶಿ ಇತ್ರಿ, ಮನ್ಯಾಗ ಹಣ್ಣಿದ್ದಿಲ್ಲ, ಮರುದಿನ ಕಳಸೋಣಂತ ಅಂದ್ರ ನಮ್ಮ ಅತ್ತಿಗೆ ಸೊಂಟ..."

"ನೀವ ಕಲಿಸಿದ್ರಲ್ರಿ. ಬರೇ ಪಾತ್ರಿ ಅಂದ್ರ ಸಾಕು ಅಂತ." ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠ ಒಪ್ಪಿಸುವ ಹಾಗಿತ್ತು. "ಸೊಳ್ಳೀ ಔಷಧ ಏನಂತ ಹುಲಿಗೆವ್ವ ಹೇಳಿದ್ಲು. ನಾ ಬರೋದು ನಿಮಗ ಭಾಳ ತ್ರಾಸ ಆಗಿರಬೇಕು. ಹಂಗಂತ ಬರ್ಲಿಲ್ಲ."

ಊರಿನ ಹೆಂಗಸರು ಯಾರಾದರೂ ಆಗಿದ್ದರೆ, ಬರೀ ಬಟ್ಟಲು ಕಂಡು ನಾಲ್ಕು ಬೈದು ಮರುವಾರ ಬಂದು ಕೂರುತ್ತಿದ್ದರು. ನಮ್ಮ ಪದ್ಧತಿಯನ್ನು ಅಕ್ಷರಶಃ ನಂಬಿದವಳು ಇವಳೊಬ್ಬಳೇ.

ಕನ್ನಡ ಬಿಟ್ಟು ಅವಳ ಭಾಷೆಗೆ ಕೈ ಹಾಕಿದೆ. "ದೆಬೀ" ಎಂದೆ.

ಅವಳು ಕಾದಳು. "ಹೂಂ. ಮುಂದ?"

ಮುಂದೆ ನನಗೆ ಗೊತ್ತಿರಲಿಲ್ಲ. ಸಕ್ಕರೆ ಹಾಕುವುದಕ್ಕೆ, ಬಂಗಲೆಗೆ ಬರುವುದಕ್ಕೆ, ತಪ್ಪಾಯಿತು ಎನ್ನುವುದಕ್ಕೆ ಅವರ ಭಾಷೆಯಲ್ಲಿ ಏನಂತಾರೋ. ಅದನ್ನೆಲ್ಲ ಗೆದ್ದಲು ತಿಂದಿತ್ತು. ಬೇಕಿತ್ತು, ಬೇಕಿತ್ತು, ಅಷ್ಟೇ ನನ್ನ ಬಳಿ ಇದ್ದದ್ದು.

ಸೀಟಿ ಊದಿದರು. ಪಿಲಾರಮ್ಮ ಉಂಡೆಗಳನ್ನು ತನ್ನ ಕುತ್ತಿಗೆವಸ್ತ್ರದಲ್ಲಿ ಸುರಿದುಕೊಂಡಳು. ಒಂದೂ ಕೆಳಗೆ ಬೀಳದಂತೆ. ಕರವಸ್ತ್ರದಿಂದ ಡಬ್ಬಿಯ ಒಳಗನ್ನು ಒರೆಸಿದಳು, ಮುಚ್ಚಳ ಹಾಕಿದಳು. ಎರಡೂ ಕೈಯಿಂದ ಕೊಟ್ಟಳು. ಗಾಡಿ ಹೊರಟಿತು. ಗುಡ್ಡದ ತಿರುವಿನವರೆಗೂ ಕೈ ಬೀಸುತ್ತಿದ್ದಳು, ನಾನೂ ಬೀಸಿದೆ.

ಆಮೇಲೆ ಮುಚ್ಚಳ ತೆಗೆದೆ.

ಏನೂ ಇರಲಿಲ್ಲ.

ಅವಸರದಲ್ಲಿ ಮರೆತಿರಬೇಕು. ಇಲ್ಲ, ಹಣ್ಣಿನ ಬುಟ್ಟಿ ಪಕ್ಕದಲ್ಲೇ ಇತ್ತಲ್ಲ, ಬೇಕೆಂದೇ ಮಾಡಿರಬೇಕು. ಒಂದು ಬರೀ ಬಟ್ಟಲಿಗೆ ಒಂದು ಬರೀ ಡಬ್ಬಿ, ಸರಿಯಾಗಿಯೇ ಇದೆ. ಇಷ್ಟಾದರೂ ಆ ಡಬ್ಬಿಯನ್ನು ಎಷ್ಟು ಚೊಕ್ಕವಾಗಿ ಒರೆಸಿದ್ದಳೆಂದರೆ ಸಿಟ್ಟಿನಲ್ಲಿದ್ದವರು ಹಾಗೆ ಒರೆಸುವುದಿಲ್ಲ. ಜಟಕಾದಲ್ಲಿ ದಾರಿಯುದ್ದಕ್ಕೂ ಇದೇ ಲೆಕ್ಕ. ಪಕ್ಕದಲ್ಲಿ ಇವರು, "ಉಚ್ಚಾರ ತಪ್ಪಿರಬೇಕು" ಎಂದು ತಮ್ಮ ಲೆಕ್ಕ ಮಾಡುತ್ತಿದ್ದರು.

ಬೀದಿಯ ಮೂಲೆಯಲ್ಲಿ ಇಳಿದು ಸೆಟ್ಟರ ಅಂಗಡಿಯಲ್ಲಿ ಸಕ್ಕರೆ ಕೊಂಡೆ. ಡಬ್ಬಿಗೆ ಸುರಿದುಕೊಂಡು, ಅದೇ ಮೂವತ್ತು ಹೆಜ್ಜೆ ನಡೆದು ಮನೆಗೆ ಬಂದೆ.

ಅತ್ತೆ ಚಾಪೆಯ ಮುಂದೆ ಹಾಗೇ ಕುಳಿತಿದ್ದರು. "ಸಿಕ್ಕಳೇನ? ಏನ್ ಹಾಕಿಕೊಟ್ಳು?"

"ಸಕ್ರಿ ಅತ್ತೀ."

ಹೊರಗಿಡು ಎನ್ನುತ್ತಾರೆಂದು ಕಾದೆ. ಅತ್ತೆ ಡಬ್ಬಿಗೆ ಕೈ ಹಾಕಿ, ಒಂದು ಚಿಟಿಕೆ ತೆಗೆದು, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಜನ್ಮದಲ್ಲಿ ಹೊರಗಿನವರ ಕೈ ನೀರು ಮುಟ್ಟದ ನಮ್ಮ ಅತ್ತೆ.

"ಕೂಸಿನ ಜೀವ ಉಳಿಸಿದಾಕಿ" ಎಂದರು. "ಅವತ್ತ ನಾನಾದ್ರೂ ಒಂದು ಚಿಟಿಕಿ ಹಾಕ ಅನ್ನಬೇಕಿತ್ತು."

ಪಿಲಾರಮ್ಮ ಕೊಡದ ಸಕ್ಕರೆಯನ್ನು ಅವಳ ಹೆಸರಿನಲ್ಲಿ ತಿಂದು, ಅತ್ತೆ ಪುನೀತರಾದರು. ಸೆಟ್ಟರ ಸಕ್ಕರೆ ಎಂದು ಹೇಳುವ ಧೈರ್ಯ ನನಗೆ ಅಂದೂ ಬರಲಿಲ್ಲ, ಅವರು ಇರುವವರೆಗೂ ಬರಲಿಲ್ಲ. ಕಮಲಿ ಬಂದು ತಾನೂ ಒಂದು ಹಿಡಿ ತಿಂದಳು. ಮಗು ಗುಂಡುಕಲ್ಲಿನಂತೆ ಇದೆ, ಅಷ್ಟು ಸಾಕು ಎಂದು ದೇವರಿಗೆ ಕೈ ಮುಗಿದೆ.

ಉಳಿದ ಸಕ್ಕರೆಯನ್ನು ಬೇರೆ ಪಾತ್ರೆಗೆ ಸುರಿದು, ಕೈಯನ್ನು ಈ ಸಲ ಸೀಗೆಪುಡಿ ಹಾಕಿ ತೊಳೆದುಕೊಂಡು ಅತ್ತೆಯ ಎದುರು ಕುಳಿತೆ. ನಡುವೆ ಬತ್ತಿಯ ರಾಶಿ, ಪಕ್ಕದಲ್ಲಿ ಯಾವುದು ಲೆಕ್ಕದ್ದು ಯಾವುದು ಅಡಿಗೆಯದ್ದು ಎಂದು ತಿಳಿಯದ ಬೀಜದ ಗುಡ್ಡೆ.

"ಒಂದರಿಂದ ಹಿಡಿ" ಎಂದರು ಅತ್ತೆ.

ಒಂದು ಎಂದು ಹೇಳಿ ಮೊದಲ ಬತ್ತಿಯನ್ನು ಡಬ್ಬಿಗೆ ಹಾಕಿದೆ.